ತಂತ್ರಾಂಶ ಬರೆಸಿಕೊಳ್ಳುವವರ ಹೊಣೆ



ಅಂಗಡಿಗೆ ಹೋಗಿ ಸಿದ್ಧ ಉಡುಪನ್ನು ಕೊಂಡು ತರುವುದು ಒಂದು ಬಗೆ. ಬಟ್ಟೆ ಕೊಂಡು, ದರ್ಜಿಗೆ ಅಳತೆ ಕೊಟ್ಟು ಹೊಲಿಸಿಕೊಳ್ಳುವುದು ಇನ್ನೊಂದು ಬಗೆ. ಗಣಕಯಂತ್ರದ ತಂತ್ರಾಂಶವೂ, ಅಂದರೆ ನಾವು ಸಾಮಾನ್ಯವಾಗಿ ಸಾಫ್ಟ್‌ವೇರ್ ಎಂದು ಕರೆಯುವ ವಸ್ತುವೂ, ಈ ಎರಡು ಬಗೆಗಳಲ್ಲಿ ದೊರೆಯುತ್ತದೆ. ಇಂದಿನ ಮಾತು ಎರಡನೆಯ ಬಗೆಯನ್ನು ಕುರಿತದ್ದು. ಒಂದು ಕಾರ್ಖಾನೆಯೋ, ಆಸ್ಪತ್ರೆಯೋ, ಸಹಕಾರ ಸಂಘವೋ, ಸರ್ಕಾರಿ ಇಲಾಖೆಯೋ ತನ್ನ ಕೆಲಸಕ್ಕೆಂದೇ ಹೊರಗಿನ ಕಂಪನಿಯೊಂದರಿಂದ ತಂತ್ರಾಂಶವನ್ನು ಬರೆಸಿಕೊಳ್ಳುವಾಗ ಏನೇನು ನಡೆಯುತ್ತದೆ, ಎಲ್ಲಿ ಕೆಲಸ ಕೆಡುತ್ತದೆ ಎಂಬುದನ್ನು ನೋಡೋಣ.

ತಂತ್ರಾಂಶ ಬರೆಯುವವರ ಬಗ್ಗೆ ನಮ್ಮ ನಾಡಿನಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಬೆಂಗಳೂರಿನ ಹೆಸರು ಲೋಕದಲ್ಲೆಲ್ಲ ಹರಡಿರುವುದೇ ಅವರಿಂದ. ಆದರೆ ಬರೆಸಿಕೊಳ್ಳುವವರ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ. ನಿಮ್ಮಲ್ಲಿ ಕೆಲವರು ಮುಂದೆ ಮೇಜಿನ ಆ ಬದಿಯಲ್ಲಿ ಕುಳಿತು ಕಾರ್ಯಕ್ರಮಗಳನ್ನು ಬರೆಯುವಿರಿ. ಇನ್ನುಳಿದವರು ವೈದ್ಯರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ, ಕೃಷಿ ಇಲಾಖೆಯ ನೌಕರರಾಗಿ, ಸ್ವಂತ ವ್ಯಾಪಾರ ನಡೆಸುವವರಾಗಿ ಈ ಬದಿಯಲ್ಲಿ ಕುಳಿತು, 'ನಮಗೆ ಇಂಥದ್ದು ಬೇಕು' ಎಂದು ಹೇಳಬೇಕಾಗುತ್ತದೆ. ಕೆಲಸ ಕೆಡುವುದು ಬಹುಮಟ್ಟಿಗೆ ಈ ಎರಡನೆಯ ಬದಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ಮುಂದೆ ಕೊಡುತ್ತೇನೆ.

ಮೊದಲಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಹೊಲಿಸಿಕೊಳ್ಳುವ ಅಗತ್ಯ ನಿಜವಾಗಿಯೂ ಇದೆಯೇ? ಬಟ್ಟೆ ಅಂಗಡಿಯವರಿಗೂ ಔಷಧಿ ಅಂಗಡಿಯವರಿಗೂ ಲೆಕ್ಕಪತ್ರದ ನಿಯಮಗಳು ಒಂದೇ. ಜಮೆ ಖರ್ಚುಗಳ ಪದ್ಧತಿಯನ್ನು ಯಾರೂ ತಮಗೆ ಬೇಕಾದಂತೆ ತಿದ್ದಿಕೊಳ್ಳುವುದಿಲ್ಲ. ಅಂಥ ಕೆಲಸಕ್ಕೆ ಸಿದ್ಧ ತಂತ್ರಾಂಶವೇ ಸಾಕು. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದ ಕಥೆ ಇಲ್ಲಿ ಹೊಂದುತ್ತದೆ. ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕ ಇಡಲು ಒಪ್ಪುವಂಥ ತಂತ್ರಾಂಶ ಸಿಗದೆ, ಗಣಿತ ಓದಿದ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. 1986ರಲ್ಲಿ ಹೀಗೆ ಮನೆಯ ಕೆಲಸಕ್ಕೆಂದು ಬರೆದದ್ದು ಮುಂದೆ ಲಕ್ಷಾಂತರ ವ್ಯಾಪಾರಿಗಳು ಬಳಸುವ ಸಿದ್ಧ ಸರಕಾಯಿತು. ಒಬ್ಬರ ಅಳತೆಗೆ ಹೊಲಿದ ಅಂಗಿ ಎಲ್ಲರ ಮೈಗೂ ಒಪ್ಪಿತು ಎಂದರೆ, ಆ ಕೆಲಸದಲ್ಲಿ ಎಲ್ಲರ ಮೈಯೂ ಬಹುಪಾಲು ಒಂದೇ ಅಳತೆಯದು ಎಂದಾಯಿತು. ಇಂಥ ಕಡೆ ಹೊಸದಾಗಿ ಬರೆಸಲು ಹೊರಡುವುದು ಹಣದ ಪೋಲು.

ಬರೆಸಿಕೊಳ್ಳುವ ಅಗತ್ಯ ಬೀಳುವುದು, ಒಂದು ಸಂಸ್ಥೆಯ ಕೆಲಸದಲ್ಲಿ ಬೇರೆಲ್ಲೂ ಇಲ್ಲದ ರೀತಿ ನೀತಿಗಳಿದ್ದಾಗ. ಇಲ್ಲಿಯೇ ದರ್ಜಿಯ ಹೋಲಿಕೆ ಮುರಿದು ಬೀಳುತ್ತದೆ. ದರ್ಜಿ ಎರಡು ನಿಮಿಷ ಟೇಪು ಹಿಡಿದರೆ ನಿಮ್ಮ ಅಳತೆ ಗೊತ್ತಾಗುತ್ತದೆ. ಒಂದು ಸಂಸ್ಥೆಯ ಅಳತೆ ಮಾತ್ರ ಅನೇಕ ವೇಳೆ ಆ ಸಂಸ್ಥೆಗೇ ಗೊತ್ತಿರುವುದಿಲ್ಲ.

ನಿಮಗೆ ಪರಿಚಯವಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಒಂದು ತಂತ್ರಾಂಶ ಬೇಕಾಗಿದೆ ಎಂದುಕೊಳ್ಳಿ. ನಿಯಮಗಳೇನೆಂದು ಕೇಳಿದರೆ ಗೋಡೆಯ ಮೇಲಿನ ಫಲಕವನ್ನು ತೋರಿಸುತ್ತಾರೆ: ಒಬ್ಬ ವಿದ್ಯಾರ್ಥಿಗೆ ಎರಡು ಪುಸ್ತಕ, ಹದಿನೈದು ದಿನದ ಅವಧಿ, ತಡವಾದರೆ ದಿನಕ್ಕೆ ಒಂದು ರೂಪಾಯಿ ದಂಡ. ಮೂರು ಸಾಲಿನ ಈ ನಿಯಮಕ್ಕೆ ಕಾರ್ಯಕ್ರಮ ಬರೆಯುವುದು ಒಂದು ವಾರದ ಕೆಲಸ. ಆದರೆ ಗ್ರಂಥಪಾಲಕರ ಪಕ್ಕದಲ್ಲಿ ನಾಲ್ಕು ದಿನ ಕುಳಿತು ನೋಡಿ. ಹದಿನೈದನೆಯ ದಿನ ಭಾನುವಾರವಾದರೆ ಸೋಮವಾರದವರೆಗೆ ದಂಡವಿಲ್ಲ. ದಸರಾ ರಜೆಯ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಪ್ರತಿ ಇರುವ ಪುಸ್ತಕವನ್ನು ಸಂಜೆ ಕೊಟ್ಟು ಬೆಳಿಗ್ಗೆ ವಾಪಸು ಪಡೆಯುತ್ತಾರೆ. ಅಧ್ಯಾಪಕರ ಅವಧಿಗೆ ಮಿತಿ ಇದೆಯಾದರೂ ಯಾರೂ ಕೇಳುವುದಿಲ್ಲ. ಕಳೆದುಹೋದ ಪುಸ್ತಕ ಈಗ ಅಂಗಡಿಯಲ್ಲಿ ಸಿಗದಿದ್ದರೆ ಎಷ್ಟು ವಸೂಲು ಮಾಡಬೇಕೆಂಬುದನ್ನು ಪ್ರಾಂಶುಪಾಲರು ಆಯಾ ಸಂದರ್ಭ ನೋಡಿ ತೀರ್ಮಾನಿಸುತ್ತಾರೆ. ಫಲಕದಲ್ಲಿ ಬರೆದಿರುವುದು ಮೂರು ನಿಯಮ, ನಡೆಯುತ್ತಿರುವುದು ಮೂವತ್ತು. ಆ ಮೂವತ್ತೂ ಇರುವುದು ಗ್ರಂಥಪಾಲಕರ ತಲೆಯಲ್ಲಿ. ಅವರಿಗೆ ಅವು ನಿಯಮಗಳೆಂದು ಅನ್ನಿಸಿಯೂ ಇರುವುದಿಲ್ಲ. 'ಹಾಗೆ ಮಾಡುತ್ತೇವೆ' ಅಷ್ಟೆ.

ಮನುಷ್ಯನಿಗೆ ಮೂರು ನಿಯಮ ಹೇಳಿದರೆ ಉಳಿದದ್ದನ್ನು ಅವನು ವಿವೇಕದಿಂದ ತುಂಬಿಕೊಳ್ಳುತ್ತಾನೆ. ಗಣಕಯಂತ್ರ ಹಾಗಲ್ಲ. ದಸರಾ ರಜೆಯ ವಿಷಯ ಅದಕ್ಕೆ ಹೇಳದಿದ್ದರೆ, ರಜೆ ಮುಗಿಸಿ ಬಂದ ಎಂಟು ನೂರು ವಿದ್ಯಾರ್ಥಿಗಳಿಗೂ ಅದು ತಪ್ಪದೆ ದಂಡ ಹಾಕುತ್ತದೆ. ಆಗ ಕಂಪನಿಯವರು, 'ನೀವು ಇದನ್ನು ಹೇಳಲೇ ಇಲ್ಲ' ಎನ್ನುತ್ತಾರೆ. ಕಾಲೇಜಿನವರು, 'ಇಷ್ಟೂ ತಿಳಿಯಬಾರದೇ' ಎನ್ನುತ್ತಾರೆ. ಹೊರಗಿನಿಂದ ಬಂದವರು ನಮ್ಮ ಮನೆಯ ಪದ್ಧತಿಯನ್ನು ಊಹಿಸಿಕೊಳ್ಳಬೇಕೆನ್ನುವುದು ನ್ಯಾಯವಲ್ಲ.

ಈ ಸಂಗತಿಯನ್ನು ಬಹಳ ಹಿಂದೆಯೇ ಚೆನ್ನಾಗಿ ಅರಿತವರೆಂದರೆ ಬ್ರಿಟನ್ನಿನ ಒಂದು ಚಹಾ ಅಂಗಡಿಗಳ ಕಂಪನಿಯವರು. ಹೌದು, ಚಹಾ ಅಂಗಡಿಗಳೇ. ಜೆ. ಲಯನ್ಸ್ ಎಂಬ ಆ ಕಂಪನಿ ಕೇಕು, ಬ್ರೆಡ್ಡು ತಯಾರಿಸಿ ತನ್ನ ಹೋಟೆಲುಗಳಿಗೂ ಊರೂರಿನ ಚಹಾ ಅಂಗಡಿಗಳಿಗೂ ಪ್ರತಿದಿನ ಕಳಿಸುತ್ತಿತ್ತು. ವ್ಯಾಪಾರಕ್ಕೆ ಒಗ್ಗುವ ಗಣಕಯಂತ್ರ ಆಗ ಎಲ್ಲೂ ಮಾರಾಟಕ್ಕೇ ಇರಲಿಲ್ಲ. ಹಾಗಾಗಿ ಲಯನ್ಸ್‌ನವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎಡ್ಸಾಕ್ ಯಂತ್ರದ ಮಾದರಿಯನ್ನು ಅನುಸರಿಸಿ ತಮ್ಮದೇ ಗಣಕವನ್ನು ಕಟ್ಟಿದರು. ಲಿಯೋ ಎಂಬ ಹೆಸರಿನ ಈ ಯಂತ್ರ 1951ರ ನವೆಂಬರಿನಿಂದ ಬೇಕರಿಯ ಸರಕಿನ ಮೌಲ್ಯದ ಲೆಕ್ಕವನ್ನು ವಾರವಾರವೂ ಮಾಡತೊಡಗಿತು. ವ್ಯಾಪಾರದ ಲೆಕ್ಕವನ್ನು ಕ್ರಮವಾಗಿ ಮಾಡಿದ ಮೊದಲ ಗಣಕ ಇದೇ.

ಯಂತ್ರಕ್ಕಿಂತ ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಅವರು ಕೆಲಸಕ್ಕೆ ಕೈಹಾಕಿದ ಕ್ರಮ. ಚಹಾ ಅಂಗಡಿಗಳಿಗೆ ನಾಳೆ ಎಷ್ಟು ಕೇಕು, ಎಷ್ಟು ಬ್ರೆಡ್ಡು ಬೇಕೆಂದು ಪ್ರತಿ ಅಂಗಡಿಯ ಮೇಲ್ವಿಚಾರಕಿಯೂ ದಿನವೂ ಉದ್ದನೆಯ ಪಟ್ಟಿ ಬರೆದು ಕಳಿಸುತ್ತಿದ್ದಳು. ಆ ಪಟ್ಟಿಯನ್ನು ಹಾಗೆಯೇ ಗಣಕಕ್ಕೆ ಏರಿಸುವ ಕಾರ್ಯಕ್ರಮ ಬರೆಯಬಹುದಾಗಿತ್ತು. ಡೇವಿಡ್ ಕ್ಯಾಮಿನರ್ ಎಂಬುವರ ನೇತೃತ್ವದ ತಂಡ ಹಾಗೆ ಮಾಡಲಿಲ್ಲ. ಅವರು ಮೊದಲು ಆ ಕೆಲಸವನ್ನೇ ಅಭ್ಯಾಸ ಮಾಡಿದರು. ಒಂದು ಅಂಗಡಿಯ ಈ ಸೋಮವಾರದ ಬೇಡಿಕೆಗೂ ಹೋದ ಸೋಮವಾರದ ಬೇಡಿಕೆಗೂ ಹೆಚ್ಚು ವ್ಯತ್ಯಾಸವಿಲ್ಲವೆಂಬುದು ಕಂಡುಬಂತು. ಹಾಗಾದರೆ ದಿನವೂ ಪೂರ್ತಿ ಪಟ್ಟಿ ಏಕೆ? ಪ್ರತಿ ಅಂಗಡಿಗೂ ವಾರದ ಒಂದೊಂದು ದಿನಕ್ಕೆ ಒಂದು ಸ್ಥಿರ ಬೇಡಿಕೆಯನ್ನು ಗೊತ್ತುಮಾಡಿದರು. ಮೇಲ್ವಿಚಾರಕಿಗೆ ಅದರಲ್ಲಿ ಬದಲಾವಣೆ ಬೇಕಾದರೆ ಅಷ್ಟನ್ನು ಮಾತ್ರ ದೂರವಾಣಿಯಲ್ಲಿ ಹೇಳಿದರೆ ಸಾಕು. ಕೇಳಿಸಿಕೊಂಡವರು ಹೇಳಿದ್ದನ್ನು ಅಲ್ಲೇ ಕಾರ್ಡಿನ ಮೇಲೆ ರಂಧ್ರ ಮಾಡಿ ಯಂತ್ರಕ್ಕೆ ಕೊಡುತ್ತಿದ್ದರು. 1954ರಲ್ಲಿ ಈ ಏರ್ಪಾಡು ಜಾರಿಗೆ ಬಂತು. ಮೇಲ್ವಿಚಾರಕಿಯ ಬರವಣಿಗೆ ಉಳಿಯಿತು, ಯಂತ್ರದ ಹೊತ್ತೂ ಉಳಿಯಿತು. ಯಂತ್ರದ ಸಾಮರ್ಥ್ಯ ಇಂದು ನಿಮ್ಮ ಅಂಗೈಯಲ್ಲಿರುವ ಫೋನಿನ ಲಕ್ಷದಲ್ಲೊಂದು ಪಾಲೂ ಇರಲಿಲ್ಲ. ಕೆಲಸವನ್ನು ಬಲ್ಲವರು ಪಕ್ಕದಲ್ಲಿದ್ದರು.

ಸಂಬಳದ ಲೆಕ್ಕವನ್ನು ಲಿಯೋಗೆ ಒಪ್ಪಿಸುವಾಗಲೂ ಅವರು ಅವಸರ ಪಡಲಿಲ್ಲ. ಕೆಲವು ವಾರಗಳ ಕಾಲ ಗುಮಾಸ್ತರು ಎಂದಿನಂತೆ ಕೈಯಲ್ಲಿ ಲೆಕ್ಕ ಹಾಕಿದರು, ಯಂತ್ರವೂ ಹಾಕಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ, ಸರಿಹೊಂದುತ್ತದೆಂದು ಖಾತ್ರಿಯಾದ ಮೇಲೆ ಕೈಲೆಕ್ಕವನ್ನು ನಿಲ್ಲಿಸಿದರು. ಇದಕ್ಕೆ ಸಮಾನಾಂತರ ಚಾಲನೆ ಎನ್ನುತ್ತಾರೆ. ಈ ಮಾತನ್ನು ನೆನಪಿಡಿ, ಈಗ ಹೇಳಲಿರುವ ಕಥೆಗೆ ಬೇಕಾಗುತ್ತದೆ.

ಲಿಯೋ ಸಂಬಳದ ಲೆಕ್ಕ ಮಾಡಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ ಅದೇ ಕೆಲಸಕ್ಕೆ ಹೊಸ ತಂತ್ರಾಂಶ ಬೇಕೆಂದು ಹೊರಟಿತು. ವೈದ್ಯರು, ದಾದಿಯರು, ಅಡಿಗೆಯವರು, ಕಸ ಗುಡಿಸುವವರು ಎಲ್ಲ ಸೇರಿ ಸುಮಾರು 78 ಸಾವಿರ ನೌಕರರು. ಅವರಿಗೆ ಹದಿನೈದು ದಿನಕ್ಕೊಮ್ಮೆ ಸಂಬಳ. ಹಳೆಯ ತಂತ್ರಾಂಶಕ್ಕೆ ಅದರ ತಯಾರಕರ ಬೆಂಬಲ 2008ರಲ್ಲಿ ಮುಗಿಯುವುದರಲ್ಲಿತ್ತು. ಹಾಗಾಗಿ ರಾಜ್ಯ ಸರ್ಕಾರ 2007ರ ಡಿಸೆಂಬರಿನಲ್ಲಿ ಐ.ಬಿ.ಎಂ. ಆಸ್ಟ್ರೇಲಿಯ ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಸರ್ಕಾರದ ಅನೇಕ ಇಲಾಖೆಗಳ ಕೆಲಸ ಆ ದೊಡ್ಡ ಕರಾರಿನಲ್ಲಿತ್ತು. ಆರೋಗ್ಯ ಇಲಾಖೆಯ ಸಂಬಳದ ಭಾಗಕ್ಕೆ ಮಾತ್ರ ಗೊತ್ತುಪಡಿಸಿದ ಬೆಲೆ ಸುಮಾರು 62 ಲಕ್ಷ ಆಸ್ಟ್ರೇಲಿಯನ್ ಡಾಲರು. ಇದೊಂದು ತಾತ್ಕಾಲಿಕ ವ್ಯವಸ್ಥೆ, ಬೇಗ ಮುಗಿಸಿ ಹಾಕೋಣ, ಪೂರ್ಣ ವ್ಯವಸ್ಥೆ ಆಮೇಲೆ ಎಂಬುದು ಅವರ ಎಣಿಕೆ.

ಸಂಬಳದ ಲೆಕ್ಕದಲ್ಲಿ ಅಂಥ ಕಷ್ಟವೇನಿದೆ ಎನ್ನಿಸಬಹುದು. ಮೂಲ ವೇತನ, ಭತ್ಯೆ, ಕಡಿತ ಇಷ್ಟೇ ಅಲ್ಲವೇ? ಆಸ್ಪತ್ರೆಯಲ್ಲಿ ಹಾಗಲ್ಲ. ರಾತ್ರಿ ಪಾಳಿಗೆ ಒಂದು ದರ, ಭಾನುವಾರಕ್ಕೆ ಇನ್ನೊಂದು. ರಾತ್ರಿ ಪಾಳಿ ಭಾನುವಾರ ಬೆಳಗಿನವರೆಗೆ ಮುಂದುವರಿದರೆ ಮತ್ತೊಂದು. ಮನೆಗೆ ಹೋದ ದಾದಿಯನ್ನು ತುರ್ತಾಗಿ ಕರೆಸಿದರೆ ಬೇರೆ. ದೂರದ ಹಳ್ಳಿಯಲ್ಲಿ ಕೆಲಸ ಮಾಡಿದರೆ ಬೇರೆ. ಕಾರ್ಮಿಕ ಸಂಘಗಳೊಡನೆ ಆದ ನಾನಾ ಒಪ್ಪಂದಗಳಿಂದಾಗಿ ಅಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಭತ್ಯೆಗಳಿದ್ದವು. ಇವೆಲ್ಲ ಒಂದರೊಡನೊಂದು ಸೇರಿ ವೇತನದ ಲೆಕ್ಕದಲ್ಲಿ 24 ಸಾವಿರಕ್ಕೂ ಹೆಚ್ಚು ಸಂಯೋಜನೆಗಳು ಹುಟ್ಟುತ್ತಿದ್ದವು. ನಮ್ಮ ಗ್ರಂಥಾಲಯದ ಮೂವತ್ತು ನಿಯಮಗಳ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿ.

ಇದನ್ನೆಲ್ಲ ಕೂತು ಬರೆದು, 'ಈ ವ್ಯವಸ್ಥೆ ಇಷ್ಟು ಮಾಡಬೇಕು' ಎಂದು ನಿರ್ಧರಿಸುವ ಕೆಲಸವನ್ನು ಕೆಲವೇ ವಾರಗಳಲ್ಲಿ ತೇಲಿಸಿಬಿಟ್ಟರು. ಕೆಲಸ ನಡೆಯುತ್ತಿದ್ದಂತೆ, 'ಇದು ಬಿಟ್ಟುಹೋಗಿದೆ, ಅದು ಬೇಕು' ಎಂಬ ಕೋರಿಕೆಗಳು ಒಂದರ ಮೇಲೊಂದು ಬಂದವು. ಇದು ಕರಾರಿನ ಒಳಗಿನದೋ ಹೊರಗಿನದೋ ಎಂದು ಎರಡು ಕಡೆಯವರೂ ವಾದಿಸತೊಡಗಿದರು. ಬೆಲೆ ಏರಿತು. 2008ರ ಮಧ್ಯಕ್ಕೆ ಆರಂಭವಾಗಬೇಕಿದ್ದ ವ್ಯವಸ್ಥೆ ಮತ್ತೆ ಮತ್ತೆ ಮುಂದೂಡಲ್ಪಟ್ಟು 2010ಕ್ಕೆ ಬಂದು ನಿಂತಿತು.

ತಂತ್ರಾಂಶವನ್ನು ಪಡೆದುಕೊಳ್ಳುವ ಮುನ್ನ ಬರೆಸಿಕೊಂಡವರು ಸ್ವತಃ ಪರೀಕ್ಷೆ ಮಾಡಿ ನೋಡುವುದು ವಾಡಿಕೆ. ಇದಕ್ಕೆ ಸ್ವೀಕಾರ ಪರೀಕ್ಷೆ ಎಂದು ಹೆಸರು. ಕಂಡ ದೋಷಗಳನ್ನು 'ಅತಿ ಗಂಭೀರ', 'ಗಂಭೀರ', 'ಸಾಧಾರಣ' ಎಂಬ ಕ್ರಮದಲ್ಲಿ ವಿಂಗಡಿಸುತ್ತಾರೆ. ಗಂಭೀರ ದೋಷಗಳು ಉಳಿದಿದ್ದರೆ ಪಡೆದುಕೊಳ್ಳಬಾರದು. ಕ್ವೀನ್ಸ್‌ಲ್ಯಾಂಡಿನಲ್ಲಿ ದೋಷಗಳನ್ನು ತಿದ್ದುವ ಬದಲು ಅವುಗಳಲ್ಲಿ ಹಲವನ್ನು ಕೆಳಗಿನ ದರ್ಜೆಗೆ ಇಳಿಸಿ ಪರೀಕ್ಷೆಯನ್ನು ಪಾಸು ಮಾಡಿಸಿದರು. ಫೇಲಾದ ಹುಡುಗನ ಅಂಕಪಟ್ಟಿಯಲ್ಲಿ ಪಾಸಿನ ಅಂಕವನ್ನೇ ತಗ್ಗಿಸಿದಂತೆ! ಎಲ್ಲ ನೌಕರರ ಸಂಬಳವನ್ನೂ ಹಳೆಯ ಹೊಸ ವ್ಯವಸ್ಥೆಗಳೆರಡರಲ್ಲೂ ಮಾಡಿ ಹೋಲಿಸುವ ಪೂರ್ಣ ಸಮಾನಾಂತರ ಚಾಲನೆಯನ್ನೂ ನಡೆಸಲಿಲ್ಲ. ಚಹಾ ಅಂಗಡಿಯವರು ಅಷ್ಟು ಹಿಂದೆ ಮಾಡಿದ ಕೆಲಸವನ್ನು ಒಂದು ರಾಜ್ಯ ಸರ್ಕಾರ 2010ರಲ್ಲಿ ಬಿಟ್ಟುಬಿಟ್ಟಿತು.

2010ರ ಮಾರ್ಚಿನಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. ಮೊದಲ ಸಂಬಳದಿಂದಲೇ ಗೋಳು ಶುರು. ಸಾವಿರಾರು ಜನರಿಗೆ ಕಡಿಮೆ ಸಂಬಳ ಬಂತು, ಕೆಲವರಿಗೆ ಬರಲೇ ಇಲ್ಲ, ಇನ್ನು ಕೆಲವರಿಗೆ ಹೆಚ್ಚು ಬಂತು. ಹೆಚ್ಚು ಬಂದವರು ಪುಣ್ಯವಂತರೆಂದು ತಿಳಿಯಬೇಡಿ. ಖರ್ಚಾಗಿ ಹೋದ ಹಣವನ್ನು ವಾಪಸು ಕೊಡಿ ಎಂದು ಆಮೇಲೆ ಅವರಿಗೆ ಪತ್ರಗಳು ಬಂದವು. ಹಾಗೆ ಹೆಚ್ಚಾಗಿ ಪಾವತಿಯಾದ ಮೊತ್ತ ಕೆಲವೇ ವರ್ಷಗಳಲ್ಲಿ ಹತ್ತು ಕೋಟಿ ಡಾಲರನ್ನು ಮೀರಿತು. ಹಗಲೂ ರಾತ್ರಿ ರೋಗಿಗಳ ಆರೈಕೆ ಮಾಡುವ ದಾದಿಯೊಬ್ಬಳು ಮನೆ ಬಾಡಿಗೆಗೆ ಸಾಲ ಮಾಡಬೇಕಾಗಿ ಬಂದರೆ ಅವಳ ಮನಃಸ್ಥಿತಿ ಹೇಗಿರುತ್ತದೆಂದು ಊಹಿಸಿ. ಮನುಷ್ಯರ ಕೆಲಸವನ್ನು ಉಳಿಸಲೆಂದು ತಂದ ವ್ಯವಸ್ಥೆಯನ್ನು ನಡೆಸಲು, ಪ್ರತಿ ಹದಿನೈದು ದಿನಕ್ಕೂ ಸುಮಾರು ಒಂದು ಸಾವಿರ ಮಂದಿ ಕೂತು ಕೈಯಲ್ಲಿ ಲೆಕ್ಕ ಸರಿಪಡಿಸಬೇಕಾಯಿತು. ವ್ಯವಸ್ಥೆಯನ್ನು ತಿದ್ದಿ ನಡೆಸಿಕೊಂಡು ಹೋಗುವ ಒಟ್ಟು ವೆಚ್ಚವನ್ನು 120 ಕೋಟಿ ಡಾಲರೆಂದು ಅಂದಾಜು ಮಾಡಲಾಯಿತು. ಹೊರಟದ್ದು 62 ಲಕ್ಷದಿಂದ ಎಂಬುದನ್ನು ಮರೆಯಬೇಡಿ.

ಈ ಬಗ್ಗೆ ನಿವೃತ್ತ ನ್ಯಾಯಾಧೀಶ ರಿಚರ್ಡ್ ಚೆಸ್ಟರ್‌ಮನ್ ಅವರ ವಿಚಾರಣಾ ಆಯೋಗ 2013ರಲ್ಲಿ ವರದಿ ಕೊಟ್ಟಿತು. ಆ ದೇಶದ ಸಾರ್ವಜನಿಕ ಆಡಳಿತದ ವೈಫಲ್ಯಗಳಲ್ಲಿ ಇದು ಮೊದಲ ಸಾಲಿನದು ಎಂದು ವರದಿ ಹೇಳುತ್ತದೆ. ಕಂಪನಿಯನ್ನು ಆರಿಸಿಕೊಂಡ ರೀತಿಯನ್ನೂ, ಕಂಪನಿಯ ನಡವಳಿಕೆಯನ್ನೂ ಆಯೋಗ ಟೀಕಿಸಿತು. ಆದರೆ ಮುಖ್ಯ ಕಾರಣಗಳನ್ನು ಹೇಳುವಾಗ ಅದು ಬೊಟ್ಟು ಮಾಡಿದ್ದು ಸರ್ಕಾರದತ್ತಲೇ: ಅನಗತ್ಯವಾದ ಅವಸರ, ಮತ್ತು ತನಗೇನು ಬೇಕು ಎಂಬುದನ್ನು ಗೊತ್ತುಮಾಡುವುದರಲ್ಲಿ ತೋರಿದ ಅಶ್ರದ್ಧೆ. ತನ್ನ ನೌಕರರಿಗೆ ಹೇಗೆ ಸಂಬಳ ಕೊಡುತ್ತೇನೆಂಬುದು ಆರೋಗ್ಯ ಇಲಾಖೆಗೆ ತಿಳಿದಿರಬೇಕೇ ಹೊರತು, ಹೊರಗಿನ ಕಂಪನಿ ಎಷ್ಟೇ ದೊಡ್ಡದಾಗಿದ್ದರೂ ಅದಕ್ಕೆ ಮೊದಲೇ ತಿಳಿದಿರಲು ಹೇಗೆ ಸಾಧ್ಯ?

ಇನ್ನು ನಮ್ಮ ರಾಜ್ಯದ ಒಂದು ಅನುಭವವನ್ನು ಇದರ ಪಕ್ಕಕ್ಕಿಟ್ಟು ನೋಡೋಣ. ಕೃಷಿಕರ ಮನೆಯಿಂದ ಬಂದವರಿಗೆ ಪಹಣಿ ಎಂದರೇನೆಂದು ಹೇಳಬೇಕಾಗಿಲ್ಲ. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಜಾರಿಗೆ ಬಂತು. ಇಲ್ಲಿ ತಂತ್ರಾಂಶ ಬರೆದದ್ದು ಖಾಸಗಿ ಕಂಪನಿಯಲ್ಲ, ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಆದರೂ ಬರೆಯುವವರು ಒಂದು ಕಡೆ, ಬರೆಸಿಕೊಳ್ಳುವ ಕಂದಾಯ ಇಲಾಖೆ ಇನ್ನೊಂದು ಕಡೆ ಎಂಬ ಸಂಬಂಧ ಇಲ್ಲಿಯೂ ಇತ್ತು. ಇಲಾಖೆಯ ಕಡೆಯಿಂದ ರಾಜೀವ್ ಚಾವ್ಲಾ ಎಂಬ ಹಿರಿಯ ಅಧಿಕಾರಿ ಕೆಲಸದ ಹೊಣೆಯನ್ನು ಹೊತ್ತಿದ್ದರು.

ಈ ಯೋಜನೆಯಲ್ಲಿ ಗಮನಿಸಬೇಕಾದದ್ದು, ಕೇಳಿದ ಬೇಡಿಕೆಗಳ ಸ್ವರೂಪ. 'ಪಹಣಿ ಮುದ್ರಿಸಿ ಕೊಡುವ ಯಂತ್ರ ಬೇಕು' ಎಂದಷ್ಟೇ ಇಲಾಖೆ ಕೇಳಿದ್ದರೆ ಅದು ಸಿಗುತ್ತಿತ್ತು, ರೈತನ ಕಷ್ಟವೂ ಹಾಗೆಯೇ ಉಳಿಯುತ್ತಿತ್ತು. ಕಷ್ಟ ಎಲ್ಲಿದೆಯೆಂದು ಇಲಾಖೆಯ ಒಳಗಿನವರಿಗೆ ಗೊತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಹಿಂದೆ ಬಂದದ್ದು ಮುಂದೆ ಹೋಗುತ್ತದೆ, ಮುಂದೆ ಬಂದದ್ದು ಹಿಂದೆ ಉಳಿಯುತ್ತದೆ. ಹಾಗಾಗಿ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬುದನ್ನು ತಂತ್ರಾಂಶದೊಳಗೇ ಸೇರಿಸಿದರು. ಯಾರು ತಿದ್ದಿದರೆಂಬುದು ಆಮೇಲೆ ತಿಳಿಯುವುದಿಲ್ಲ. ಹಾಗಾಗಿ ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂದು ಮಾಡಿದರು. ತೆರೆಯ ಮೇಲೆ ಏನಿದೆಯೆಂದು ರೈತನಿಗೆ ಕಾಣುವುದಿಲ್ಲ. ಹಾಗಾಗಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅವನ ಕಡೆಗೆ ಮುಖಮಾಡಿದ ಎರಡನೆಯ ತೆರೆಯೊಂದನ್ನು ಇಟ್ಟರು. ಈ ಮೂರರಲ್ಲಿ ಯಾವುದೂ ಗಣಕ ವಿಜ್ಞಾನದ ಪುಸ್ತಕದಲ್ಲಿ ಸಿಗುವ ಸಂಗತಿಯಲ್ಲ. ಕಂದಾಯ ಕಚೇರಿಯ ಕಂಬದ ಪಕ್ಕ ನಿಂತು ನೋಡಿದವರಿಗೆ ಹೊಳೆಯುವಂಥವು. ಪ್ರತಿ ಪಹಣಿಗೆ ಆಗ 15 ರೂಪಾಯಿ ಶುಲ್ಕವಿತ್ತು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲವೆಂದೂ ಸರ್ಕಾರ ಆಜ್ಞೆ ಹೊರಡಿಸಿತು.

ಭೂಮಿಯಲ್ಲಿ ಎಲ್ಲವೂ ಸುಸೂತ್ರವೆಂದು ನಾನು ಹೇಳುತ್ತಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಗಣಕಕ್ಕೂ ಏರಿದವು. ಸತ್ತ ತಾತನ ಹೆಸರಿನಲ್ಲೇ ಇದ್ದ ಜಮೀನು ತಾತನ ಹೆಸರಿನಲ್ಲೇ ಮುದ್ರಣವಾಗಿ ಬಂತು. ಗಣಕದಿಂದ ಬಂದ ಕಾಗದವೆಂದ ಮಾತ್ರಕ್ಕೆ ಅದು ಸರಿಯೆಂಬ ಭಾವನೆಯೂ ಜನರಲ್ಲಿ ಬೆಳೆಯಿತು, ಇದು ಒಳ್ಳೆಯದಲ್ಲ.

ಹಾಗಾದರೆ ಕಂಪನಿಯನ್ನು ಆರಿಸಿಕೊಳ್ಳುವುದು ಹೇಗೆ? ಇದರ ಬಗ್ಗೆ ಬಹಳ ಹೇಳಬೇಕಾದ್ದಿಲ್ಲ. ಕಚೇರಿಯ ಗಾಜಿನ ಕಟ್ಟಡವನ್ನಾಗಲಿ, ಮಾರಾಟದ ಅಧಿಕಾರಿಯ ಮಾತಿನ ಚಾತುರ್ಯವನ್ನಾಗಲಿ ನೋಡಿ ಪ್ರಯೋಜನವಿಲ್ಲ. ನಿಮ್ಮ ಕೆಲಸಕ್ಕೆ ನಿಜವಾಗಿ ಕೂರುವವರು ಯಾರೆಂದು ಕೇಳಿ, ಅವರೊಡನೆಯೇ ಮಾತಾಡಬೇಕು. ಅದೇ ಕಂಪನಿಯಿಂದ ಮೂರು ನಾಲ್ಕು ವರ್ಷದ ಹಿಂದೆ ಬರೆಸಿಕೊಂಡವರನ್ನು ಹುಡುಕಿ ವಿಚಾರಿಸಬೇಕು. ಹೋದ ತಿಂಗಳು ಬರೆಸಿಕೊಂಡವರು ಇನ್ನೂ ಹೊಸ ಮದುವೆಯ ಸಂಭ್ರಮದಲ್ಲಿರುತ್ತಾರೆ. ಸಾಧ್ಯವಾದರೆ ಇಡೀ ಕೆಲಸವನ್ನು ಒಮ್ಮೆಗೇ ಒಪ್ಪಿಸದೆ, ಅದರ ಒಂದು ಸಣ್ಣ ತುಂಡನ್ನು ಹಣ ಕೊಟ್ಟೇ ಮಾಡಿಸಿ ನೋಡಬೇಕು. ತಪ್ಪು ಪ್ರಶ್ನೆ ಕೇಳದ ಕಂಪನಿಗಿಂತ, 'ಇದು ಹೀಗೇಕೆ, ಅದು ಹಾಗೇಕೆ' ಎಂದು ತಲೆ ತಿನ್ನುವ ಕಂಪನಿಯೇ ಮೇಲು.

ಬೆಲೆಯ ವಿಷಯದಲ್ಲಿ ಎರಡು ಪದ್ಧತಿಗಳಿವೆ. ಇಡೀ ಕೆಲಸಕ್ಕೆ ಇಷ್ಟೆಂದು ಗುತ್ತಿಗೆ ಮಾತಾಡುವುದು ಒಂದು. ಆಳಿನ ಲೆಕ್ಕದಲ್ಲಿ, ಇಷ್ಟು ಜನ ಇಷ್ಟು ತಿಂಗಳು ದುಡಿದರೆ ಇಷ್ಟೆಂದು ಕೊಡುವುದು ಇನ್ನೊಂದು. ಗುತ್ತಿಗೆ ಮಾತಾಡಿದವರಿಗೆ ಮನಸ್ಸಿಗೆ ನಿಶ್ಚಿಂತೆ. ಆದರೆ ಏನು ಬೇಕೆಂಬುದು ಅಸ್ಪಷ್ಟವಾಗಿದ್ದಾಗ ಆ ನಿಶ್ಚಿಂತೆ ಬರಿಯ ಭ್ರಮೆ. ಕ್ವೀನ್ಸ್‌ಲ್ಯಾಂಡಿನ 62 ಲಕ್ಷವೂ ಗೊತ್ತುಪಡಿಸಿದ ಬೆಲೆಯೇ ಆಗಿತ್ತಲ್ಲವೇ? ಆಳಿನ ಲೆಕ್ಕದಲ್ಲಿ ಬೇರೆ ಅಪಾಯವಿದೆ. ಕೆಲಸ ತಡವಾದಷ್ಟೂ ಕಂಪನಿಗೆ ಆದಾಯ. ತಡವಾಯಿತೆಂದು ಇನ್ನಷ್ಟು ಜನರನ್ನು ಸೇರಿಸಿದರೆ ಕೆಲಸ ಮತ್ತಷ್ಟು ತಡವಾಗುತ್ತದೆಂದು ಅಮೆರಿಕದ ಫ್ರೆಡ್ ಬ್ರೂಕ್ಸ್ 1975ರಷ್ಟು ಹಿಂದೆಯೇ ಬರೆದರು, ಹೊಸಬರಿಗೆ ಕೆಲಸ ಕಲಿಸುವವರು ಹಳಬರೇ ತಾನೆ.

ಬರೆಸಿ ಮುಗಿದ ಮೇಲೂ ಖರ್ಚು ಮುಗಿಯುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ತಂತ್ರಾಂಶಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಸುತ್ತಲಿನ ಲೋಕ ಬದಲಾಗುತ್ತದೆ. 2003ರಲ್ಲಿ ಒಬ್ಬ ವ್ಯಾಪಾರಿ ಬಿಲ್ಲು ಬರೆಯುವ ತಂತ್ರಾಂಶ ಬರೆಸಿಕೊಂಡಿದ್ದನೆನ್ನಿ. 2005ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಬಂತು, ತಿದ್ದಿಸಬೇಕಾಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂತು, ಮತ್ತೆ ತಿದ್ದಿಸಬೇಕಾಯಿತು. ತಿದ್ದುವವರು ಯಾರು, ಎಷ್ಟು ದಿನದೊಳಗೆ, ಎಷ್ಟು ಹಣಕ್ಕೆ ಎಂಬುದು ಮೊದಲ ಕರಾರಿನಲ್ಲೇ ಇರಬೇಕು.

ಕರಾರಿನ ಮಾತು ಬಂದಾಗ ಕ್ವೀನ್ಸ್‌ಲ್ಯಾಂಡಿನ ಕಥೆಯ ಉಳಿದ ತುಂಡನ್ನೂ ಹೇಳಬೇಕು. ಆಯೋಗದ ವರದಿಯ ನಂತರ ಸರ್ಕಾರ ನಷ್ಟ ಪರಿಹಾರ ಕೋರಿ ಐ.ಬಿ.ಎಂ. ಮೇಲೆ ದಾವೆ ಹೂಡಿತು. 2015ರ ಡಿಸೆಂಬರಿನಲ್ಲಿ ಸರ್ಕಾರ ಸೋತಿತು. 2010ರಲ್ಲಿ, ಗಲಾಟೆಯ ನಡುವೆ ಕೆಲಸ ಮುಂದುವರಿಸಲೆಂದು ಎರಡು ಕಡೆಯವರೂ ಒಂದು ಪೂರಕ ಒಪ್ಪಂದಕ್ಕೆ ಸಹಿ ಮಾಡಿದ್ದರು. ಕಂಪನಿಯನ್ನು ಹಿಂದಿನ ಹೊಣೆಗಳಿಂದ ಬಿಡುಗಡೆ ಮಾಡುವ ಮಾತು ಅದರಲ್ಲಿತ್ತು. ನ್ಯಾಯಾಲಯ ಆ ಕಾಗದವನ್ನು ಎತ್ತಿಹಿಡಿಯಿತು. ಕಂಪನಿಯ ವ್ಯಾಜ್ಯದ ಖರ್ಚನ್ನೂ ಸರ್ಕಾರವೇ ಭರಿಸಬೇಕೆಂದು ಆಮೇಲೆ ಆದೇಶವಾಯಿತು.

ನಮ್ಮ ದೇಶದ ಕಾನೂನಿನಲ್ಲೂ ತಿಳಿದಿರಬೇಕಾದ ಒಂದು ಅಂಶವಿದೆ. ಹಣ ಕೊಟ್ಟು ಬರೆಸಿಕೊಂಡ ತಂತ್ರಾಂಶದ ಒಡೆಯರು ಯಾರು? ಹಣ ಕೊಟ್ಟವರೇ ಎಂದು ನೀವು ಹೇಳುವಿರಿ. 1957ರ ಕೃತಿಸ್ವಾಮ್ಯ ಕಾಯಿದೆ ಹಾಗೆ ಹೇಳುವುದಿಲ್ಲ. 1984ರ ತಿದ್ದುಪಡಿಯಿಂದ ಗಣಕದ ಕಾರ್ಯಕ್ರಮವೂ ಈ ಕಾಯಿದೆಯ ಮಟ್ಟಿಗೆ ಒಂದು ಸಾಹಿತ್ಯ ಕೃತಿ. ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು ಅವನ ಮಾಲೀಕನದು. ಇಲ್ಲಿ ಬರೆದ ಹುಡುಗ ಹುಡುಗಿಯರ ಮಾಲೀಕರು ತಂತ್ರಾಂಶ ಕಂಪನಿಯವರೇ ಹೊರತು ನೀವಲ್ಲ. ಕೃತಿಸ್ವಾಮ್ಯವನ್ನು ನಿಮಗೆ ವರ್ಗಾಯಿಸಿದೆ ಎಂದು ಬರಹದಲ್ಲಿ ಸಹಿ ಮಾಡಿಸಿಕೊಳ್ಳದಿದ್ದರೆ ಅದು ಅವರಲ್ಲೇ ಉಳಿಯುತ್ತದೆ. ಆ ಬರಹದಲ್ಲಿ ಅವಧಿ ಕಾಣಿಸದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶ ಕಾಣಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆ ಅರ್ಥ ಮಾಡುತ್ತದೆ.

ಕಾಗದದ ಮೇಲಿನ ಒಡೆತನದ ಜೊತೆಗೆ ಕೈಗೆ ಬರಬೇಕಾದ ವಸ್ತು ಒಂದಿದೆ. ಅದು ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್. ನೀವು ದಿನವೂ ನಡೆಸುವ ಕಾರ್ಯಕ್ರಮ ಮಾಡಿಟ್ಟ ಅಡಿಗೆಯಾದರೆ, ಮೂಲ ಸಂಕೇತ ಅದನ್ನು ಮಾಡುವ ವಿಧಾನ. ಅಡಿಗೆ ತಿನ್ನಲು ಬರುತ್ತದೆ, ಉಪ್ಪು ಹೆಚ್ಚಾಗಿದ್ದರೆ ತಿದ್ದಲು ಬರುವುದಿಲ್ಲ. ಕಂಪನಿ ಮುಚ್ಚಿಹೋದರೆ, ಅಥವಾ ಮುಂದಿನ ಬಾರಿ ಮೂರುಪಟ್ಟು ದರ ಕೇಳಿದರೆ, ಬೇರೊಬ್ಬರಿಂದ ತಿದ್ದಿಸಲು ಈ ವಿಧಾನ ನಿಮ್ಮ ಬಳಿ ಇರಬೇಕು. 'ಎಲ್ಲ ಇದರಲ್ಲಿದೆ' ಎಂದು ಅವರು ಕೊಟ್ಟದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸಾಲದು. ಕೊನೆಯ ಕಂತಿನ ಹಣ ಕೊಡುವ ಮೊದಲು, ಆ ಕಂಪನಿಯ ಸಹಾಯವಿಲ್ಲದೆ, ಏನೂ ಇಲ್ಲದ ಒಂದು ಬೇರೆ ಗಣಕದ ಮೇಲೆ, ಅವರು ಕೊಟ್ಟ ಮೂಲ ಸಂಕೇತದಿಂದಲೇ ಇಡೀ ತಂತ್ರಾಂಶವನ್ನು ಹೊಸದಾಗಿ ಕಟ್ಟಿ ನಡೆಸಿ ನೋಡಬೇಕು. ನಡೆದರೆ ಕಂತನ್ನು ಕೊಡಬಹುದು.